ಕವಿರಾಜಮಾರ್ಗವನ್ನು ಮೊದಲು ಓದಬೇಕೋ, ಅದರ ಬಗೆಗಿನ ಪುಸ್ತಕಗಳನ್ನೋ?

ಓದಿನ_ಜಗಲಿ
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಾವು ಹನ್ನೊಂದು ಮಂದಿ ಪ್ರತಿ ತಿಂಗಳ ಎರಡನೆಯ ಭಾನುವಾರ ಒಬ್ಬರ ಮನೆಯಲ್ಲಿ ಸೇರಿ ಪುಸ್ತಕ ಓದುತ್ತೇವೆ. ನಾಲ್ಕು ವರ್ಷ ಕಾದಂಬರಿಗಳನ್ನೇ ಓದಿದ ಮೇಲೆ, ಈ ವರ್ಷ ಸಂಸ್ಕೃತಿ, ವಿಮರ್ಶೆ, ವಿಚಾರಗಳ ಇತಿಹಾಸ ಇವುಗಳ ಕಡೆಗೆ ಹೊರಳೋಣವೆಂದು ನಿಶ್ಚಯಿಸಿದೆವು. ಎಂ. ಚಿದಾನಂದಮೂರ್ತಿಯವರ ಶಾಸನಗಳ ಅಧ್ಯಯನ, ಕೀರ್ತಿನಾಥ ಕುರ್ತಕೋಟಿ, ಶಂ.ಬಾ. ಜೋಶಿ, ಡಿ.ಆರ್. ನಾಗರಾಜ್, ಷ. ಶೆಟ್ಟರ್ ಎಲ್ಲರೂ ಪಟ್ಟಿಯಲ್ಲಿದ್ದಾರೆ. ಒಂಬತ್ತನೆಯ ಶತಮಾನದ ಕನ್ನಡ ಗ್ರಂಥವಾದ ಕವಿರಾಜಮಾರ್ಗದ ಬಗ್ಗೆ ಕೆ.ವಿ. ಸುಬ್ಬಣ್ಣನವರು ಬರೆದ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಪುಸ್ತಕದಿಂದ ಆರಂಭಿಸಿದೆವು.

ಮೊದಲ ಸಭೆಯಲ್ಲೇ ತೊಡಕು ಬಂತು. ನಮ್ಮಲ್ಲೊಬ್ಬರು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂಬ ಕವಿರಾಜಮಾರ್ಗದ ಸಾಲನ್ನು ಹೇಳಿ, ಓದುಬರಹ ಬಾರದ ಕನ್ನಡಿಗರೂ ಕಾವ್ಯ ಕಟ್ಟುತ್ತಿದ್ದರೆಂಬುದು ಇದರ ಅರ್ಥ ಎಂದರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಮ್ಮ ಗೆಳತಿಯೊಬ್ಬರು, “ಓದುಬರಹ ಬಾರದವರು ಎಂದು ಯಾವ ಪದ ಹೇಳುತ್ತದೆ, ತೋರಿಸಿ” ಎಂದು ಕೇಳಿದರು. ಹನ್ನೊಂದು ಜನರಲ್ಲಿ ಒಬ್ಬರಿಗೂ ತೋರಿಸಲು ಆಗಲಿಲ್ಲ. ನಾವು ಓದಬೇಕೆಂದಿರುವ ಪುಸ್ತಕಗಳಲ್ಲಿ ಬಹುಪಾಲು ಒಂದಲ್ಲ ಒಂದು ಕಡೆ ಕವಿರಾಜಮಾರ್ಗದ ಅದೇ ನಾಲ್ಕೈದು ಪದ್ಯಗಳಿಗೆ ಹಿಂದಿರುಗುತ್ತವೆ, ಆದರೆ ಆ ಪದ್ಯಗಳಿರುವ ಪುಸ್ತಕವನ್ನು ನಮ್ಮಲ್ಲಿ ಯಾರೂ ತೆರೆದು ನೋಡಿಲ್ಲ ಎಂಬುದು ಆಗ ಗೊತ್ತಾಯಿತು.

ಈಗ ನನ್ನ ಪ್ರಶ್ನೆ ಇಷ್ಟೇ. ಆಧುನಿಕ ವಿಮರ್ಶಕರನ್ನು ಸದ್ಯಕ್ಕೆ ಬದಿಗಿಟ್ಟು ಮೂಲವನ್ನು ಓದಬೇಕೇ, ಅಥವಾ ಮೂಲಕ್ಕೆ ದಾರಿ ತೋರಿಸುವವರು ಅವರೇ ಆದ್ದರಿಂದ ಮೊದಲು ಅವರನ್ನೇ ಓದಬೇಕೇ?

ಅವಸರದ_ಓದುಗ
ದಯವಿಟ್ಟು ಮೂಲದಿಂದ ಆರಂಭಿಸಬೇಡಿ. ಅದು ಕಾವ್ಯವಲ್ಲ, ಕಾವ್ಯ ಹೇಗಿರಬೇಕೆಂದು ಹೇಳುವ ಅಲಂಕಾರಶಾಸ್ತ್ರದ ಗ್ರಂಥ. ಮೂರನೆಯ ಪರಿಚ್ಛೇದದ ಅರ್ಥಾಲಂಕಾರಗಳಿಗೆ ಬರುವಷ್ಟರಲ್ಲಿ ನಿಮ್ಮ ಹನ್ನೊಂದು ಜನರಲ್ಲಿ ಮೂವರು ಉಳಿದರೆ ಹೆಚ್ಚು.

ಹೊಸಪೇಟೆ_ಮೇಷ್ಟ್ರು
ಮೂವತ್ತು ವರ್ಷ ಪದವಿಪೂರ್ವ ತರಗತಿಗಳಿಗೆ ಹಳಗನ್ನಡ ಹೇಳಿಕೊಟ್ಟವನಾಗಿ ಬರೆಯುತ್ತಿದ್ದೇನೆ. ಆ ಸೋದರಿ ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ಇಡೀ ಪದ್ಯವನ್ನು ಮೊದಲು ನೋಡೋಣ.

ಪದನಱಿದು ನುಡಿಯಲುಂ ನುಡಿ
ದುದನಱಿದಾರಯಲುಮಾರ್ಪರಾ ನಾಡವರ್ಗಳ್
ಚದುರರ್ ನಿಜದಿಂ ಕುಱಿತೋ
ದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್

ಹದವರಿತು ಮಾತನಾಡಲೂ, ಆಡಿದ ಮಾತನ್ನು ಅರಿತು ವಿಚಾರ ಮಾಡಲೂ ಆ ನಾಡಿನವರು ಬಲ್ಲರು. ಸ್ವಭಾವದಿಂದಲೇ ಜಾಣರು. ಕುಱಿತು ಓದದೆಯೂ ಕಾವ್ಯಪ್ರಯೋಗದಲ್ಲಿ ಪಳಗಿದ ಬುದ್ಧಿಯುಳ್ಳವರು. ಇಲ್ಲಿ ‘ಓದದೆಯುಂ’ ಒಂದೇ ನಿಂತಿಲ್ಲ, ಅದರ ಹಿಂದೆ ‘ಕುಱಿತು’ ಇದೆ. ಕುಱಿ ಎಂದರೆ ಗುರುತು, ಗುರಿ. ತಮಿಳಿನಲ್ಲಿ ಇಂದಿಗೂ ಆ ಪದ ಅದೇ ಅರ್ಥದಲ್ಲಿ ಬಳಕೆಯಲ್ಲಿದೆ. ಆದ್ದರಿಂದ ‘ಕುಱಿತು ಓದದೆಯೂ’ ಎಂದರೆ ಅದನ್ನೇ ಗುರಿಯಾಗಿಟ್ಟುಕೊಂಡು, ಪಟ್ಟಾಗಿ ಕುಳಿತು ಅಭ್ಯಾಸ ಮಾಡದೆಯೂ ಎಂದಾಗುತ್ತದೆ. ಅಕ್ಷರ ಬಾರದವರು ಎಂಬ ಅರ್ಥವನ್ನು ಪದ್ಯ ತಡೆಯುವುದೂ ಇಲ್ಲ, ಹೇಳುವುದೂ ಇಲ್ಲ.

ಇಲ್ಲಿರುವುದು ‘ಱ’ ಎಂಬ ಹಳಗನ್ನಡದ ಶಕಟರೇಫವೇ, ಇಂದಿನ ‘ರ’ವೇ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಉತ್ತರ ಮುಂದಿನ ಪದ್ಯದಲ್ಲಿದೆ.

ಕುಱಿತವರಲ್ಲದೆ ಮತ್ತಂ
ಪೆಱರುಂ ತಂತಮ್ಮ ನುಡಿಯೊಳೆಲ್ಲರ್ ಜಾಣರ್
ಕಿಱುವಕ್ಕಳುಮಾ ಮೂಗರು
ಮಱಿಪಲ್ಕಱಿವರ್ ವಿವೇಕಮಂ ಮಾತುಗಳಂ

ಇದು ಕಂದಪದ್ಯ. ನಾಲ್ಕೂ ಪಾದಗಳ ಎರಡನೆಯ ಅಕ್ಷರವನ್ನು ನೋಡಿ: ಕುಱಿ, ಪೆಱ, ಕಿಱು, ಮಱಿ. ಪ್ರಾಸವೇ ಅಲ್ಲಿ ಸಾಕ್ಷಿ ನಿಂತಿದೆ. ಹುಲ್ಲು ಮೇಯುವ ಕುರಿಗೂ ಈ ಕುಱಿಗೂ ಅರ್ಥದಲ್ಲಿ ಸಂಬಂಧವಿಲ್ಲವೆಂದು ಪ್ರತಿ ವರ್ಷ ಹೇಳಿಕೊಡುತ್ತಿದ್ದೆ. ನನ್ನ ಸಲಹೆ ಸ್ಪಷ್ಟವಾಗಿದೆ: ಮೂಲವನ್ನು ಓದಿ. ಇಡಿಯಾಗಿ ಬೇಡ, ಮೊದಲ ಪರಿಚ್ಛೇದ ಸಾಕು.

ತುಂಗೆಯ_ದಡ
ಮೇಷ್ಟ್ರೇ, ನಿಮ್ಮ ಪದವಿವರಣೆಗೆ ಕೈ ಮುಗಿಯುತ್ತೇನೆ, ಆದರೆ ತೀರ್ಮಾನವನ್ನು ಒಪ್ಪಲಾರೆ. ಈ ಪದ್ಯ ನಿಘಂಟಿನ ಅರ್ಥದಿಂದ ನಮಗೆ ಮುಖ್ಯವಾದದ್ದಲ್ಲ. 1898ರಲ್ಲಿ ಕೆ.ಬಿ. ಪಾಠಕರು ಕವಿರಾಜಮಾರ್ಗವನ್ನು ಅಚ್ಚು ಹಾಕಿಸಿದ ಮೇಲೆ ಬಹುಕಾಲ ವಿದ್ವಾಂಸರ ಚರ್ಚೆಯ ದೊಡ್ಡ ಪಾಲು ನಡೆದದ್ದು ಅದನ್ನು ಬರೆದವನು ರಾಷ್ಟ್ರಕೂಟ ದೊರೆ ನೃಪತುಂಗ ಅಮೋಘವರ್ಷನೋ, ಅವನ ಆಸ್ಥಾನದ ಶ್ರೀವಿಜಯನೋ ಎಂಬುದರ ಮೇಲೆ. ಅದು ಬೇಡದ ಚರ್ಚೆಯೆಂದು ನಾನು ಹೇಳುತ್ತಿಲ್ಲ. ಆದರೆ ಒಂಬತ್ತನೆಯ ಶತಮಾನದ ಈ ಗ್ರಂಥ ಇಂದು ಬದುಕುತ್ತಿರುವ ನಮಗೆ ಏನನ್ನು ಹೇಳುತ್ತದೆ, ಕನ್ನಡವೆಂಬುದು ಒಂದೋ ಹಲವೋ, ದೊಡ್ಡ ಭಾಷೆಯೊಂದರ ಎದುರಿನಲ್ಲಿ ನಿಂತು ಸಣ್ಣ ಭಾಷೆ ತನ್ನನ್ನು ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಕೇಳಿದವರು ಹೆಗ್ಗೋಡಿನಂಥ ಹಳ್ಳಿಯಲ್ಲಿ ಕುಳಿತು ರಂಗಭೂಮಿಯನ್ನೂ ಪ್ರಕಾಶನವನ್ನೂ ಕಟ್ಟಿದ ಸುಬ್ಬಣ್ಣನವರು. ‘ಕನ್ನಡಂಗಳ್’ ಎಂಬ ಬಹುವಚನದ ಮೇಲೆ ಅವರು ಬೆರಳಿಟ್ಟು ತೋರಿಸದಿದ್ದರೆ ನಾನಂತೂ ಆ ಪದವನ್ನು ದಾಟಿ ಹೋಗುತ್ತಿದ್ದೆ. ಮೊದಲು ಪ್ರಶ್ನೆ ಹುಟ್ಟಬೇಕು. ಅದನ್ನು ಹುಟ್ಟಿಸುವುದು ವಿಮರ್ಶೆ.

ದೂರದೂರಿನವಳು
ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಕನ್ನಡವನ್ನು ಹತ್ತನೆಯ ತರಗತಿಯವರೆಗೆ ಮಾತ್ರ ಓದಿದವಳು. ಕವಿರಾಜಮಾರ್ಗ ಎಂಬ ಹೆಸರಿನ ಆಚೆಗೆ ನನಗೆ ಅದರ ಪರಿಚಯವಾದದ್ದು ಶೆಲ್ಡನ್ ಪೊಲಾಕ್ ಅವರ 2006ರ ಇಂಗ್ಲಿಷ್ ಪುಸ್ತಕದಿಂದ. ಸಂಸ್ಕೃತ ದೇಶದೇಶಗಳ ಉದ್ದಗಲಕ್ಕೂ ಹರಡಿದ್ದ ಕಾಲದಲ್ಲಿ, ಊರ ಮಾತುಗಳು ಯಾವಾಗ, ಯಾರಿಂದ, ಏಕೆ ಸಾಹಿತ್ಯದ ಭಾಷೆಗಳಾದವು ಎಂಬುದು ಅವರ ಪ್ರಶ್ನೆ. ಅದಕ್ಕೆ ಅವರು ವಿಸ್ತಾರವಾಗಿ ಎತ್ತಿಕೊಂಡ ಉದಾಹರಣೆ ಕನ್ನಡ. ಹಲ್ಮಿಡಿ ಶಾಸನ ಸುಮಾರು 450ರದ್ದು, ಕವಿರಾಜಮಾರ್ಗ ಸುಮಾರು 850ರದ್ದು. ಒಂದು ಭಾಷೆಯನ್ನು ಬರೆಯಲು ತೊಡಗುವುದು ಬೇರೆ, ಅದರಲ್ಲಿ ಸಾಹಿತ್ಯವನ್ನು ಕಟ್ಟಲು ತೊಡಗುವುದು ಬೇರೆ, ಈ ಎರಡನೆಯ ಕೆಲಸ ನಡೆದದ್ದು ಅರಮನೆಯ ಆಸರೆಯಲ್ಲಿ ಎಂದು ಅವರು ವಾದಿಸುತ್ತಾರೆ. ನನ್ನ ಭಾಷೆಯ ಮೇಲೆ ಅಷ್ಟು ದೊಡ್ಡ ವಾದವನ್ನು ನಿಲ್ಲಿಸಬಹುದೆಂಬುದೇ ನನಗೆ ಹೊಸದಾಗಿತ್ತು. ಆ ಓದಿನ ನಂತರವೇ ನಾನು ಹಳಗನ್ನಡ ಕಲಿಯಲು ಕುಳಿತೆ. ಆದ್ದರಿಂದ ನನ್ನ ಮತ ತುಂಗೆಯ ದಡದವರ ಕಡೆಗೆ.

ಬಾದಾಮಿ_ಬಂಡೆ
ದೂರದೂರಿನವರೇ, ಆ ವಾದವನ್ನು ಒಪ್ಪುವ ಮೊದಲು ಒಮ್ಮೆ ಬಾದಾಮಿಗೆ ಬನ್ನಿ. ತಟ್ಟುಕೋಟೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರದ್ದು, ಎಂದರೆ ಕವಿರಾಜಮಾರ್ಗಕ್ಕಿಂತ ನೂರೈವತ್ತು ವರ್ಷ ಹಿಂದಿನದು. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್, ಮಾಧವನೀತನ್ ಪೆರನಲ್ಲ’. ಇದು ತ್ರಿಪದಿ. ನಮ್ಮ ಅವ್ವ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದದ್ದು ಇದೇ ಛಂದಸ್ಸು. ಅದನ್ನು ಕಟ್ಟಿದವನು ಯಾವ ಅರಮನೆಯ ಅಪ್ಪಣೆಗೆ ಕಾದಿದ್ದನು?

ಇನ್ನೊಂದು ಮಾತು. ಕವಿರಾಜಮಾರ್ಗವೇ ತನಗಿಂತ ಹಿಂದಿನವರ ಹೆಸರು ಹೇಳುತ್ತದೆ. ಗದ್ಯ ಬರೆದವರಲ್ಲಿ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯ ಬರೆದವರಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಚತ್ತಾಣ, ಬೆದಂಡೆ ಎಂಬ ಕಾವ್ಯಪ್ರಕಾರಗಳನ್ನೂ ಹೆಸರಿಸುತ್ತದೆ. ಅವರ ಕೃತಿಗಳು ನಮಗೆ ಸಿಕ್ಕಿಲ್ಲ. ಸಿಗದ ಮಾತ್ರಕ್ಕೆ ಇರಲಿಲ್ಲವೆಂದು ಬಗೆಯುವುದು ಸರಿಯಲ್ಲ.

ದೂರದೂರಿನವಳು
ಬಾದಾಮಿಯವರೇ, ಪೊಲಾಕ್ ಅವರಿಗೆ ಈ ಸಂಗತಿಗಳು ಗೊತ್ತಿಲ್ಲವೆಂದು ತಿಳಿಯಬೇಡಿ. ಹಾಡು ಇರಲಿಲ್ಲವೆಂದು ಅವರು ಹೇಳುವುದಿಲ್ಲ. ಬರೆದಿಟ್ಟ, ಶಾಸ್ತ್ರದ ಚೌಕಟ್ಟಿನ ಸಾಹಿತ್ಯ ಯಾವಾಗ ಆರಂಭವಾಯಿತು ಎಂಬುದಷ್ಟೇ ಅವರ ಪ್ರಶ್ನೆ. ಆದರೆ ತ್ರಿಪದಿಯನ್ನು ಸಾಹಿತ್ಯದ ಲೆಕ್ಕದಿಂದ ಹೊರಗಿಡಲು ನಮಗೆ ಏನು ಆಧಾರ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಅವಸರದ_ಓದುಗ
ಕನ್ನಡದ ವಿಚಾರವನ್ನು ಇಂಗ್ಲಿಷಿನಲ್ಲಿ ಓದಿ ಬಂದು ಕನ್ನಡಿಗರಿಗೆ ಹೇಳುವ ಕಾಲ ಬಂತಲ್ಲ ಎಂದು ಬೇಸರವಾಗುತ್ತದೆ.

ತುಂಗೆಯ_ದಡ
ಹಾಗೆ ಹೇಳಬೇಡಿ. ಡಿ.ಆರ್. ನಾಗರಾಜ್ ಅವರು ಕನ್ನಡ ಸಾಹಿತ್ಯ ಸಂಸ್ಕೃತಿಯ ಒಳಗಿನ ಬಿಕ್ಕಟ್ಟುಗಳನ್ನು ಕುರಿತು ಬರೆದ ದೀರ್ಘ ಪ್ರಬಂಧವೂ ಇಂಗ್ಲಿಷಿನಲ್ಲೇ ಇದೆ. ಪೊಲಾಕ್ ಸಂಪಾದಿಸಿದ, ದಕ್ಷಿಣ ಏಷ್ಯದ ಸಾಹಿತ್ಯ ಸಂಸ್ಕೃತಿಗಳ ಸಂಪುಟದಲ್ಲಿ 2003ರಲ್ಲಿ ಅದು ಅಚ್ಚಾಯಿತು. ಡಿ.ಆರ್. ತೀರಿಕೊಂಡದ್ದು 1998ರಲ್ಲಿ. ಎಂದರೆ ಅವರು ಅದರ ಅಚ್ಚಾದ ಪುಟಗಳನ್ನು ನೋಡಲಿಲ್ಲ. ದೊಡ್ಡಬಳ್ಳಾಪುರದ ನೇಕಾರರ ಮನೆಯಿಂದ ಬಂದವರು, ನಲವತ್ತನಾಲ್ಕು ವರ್ಷ ಬದುಕಿದವರು, ಅಲ್ಲಮನನ್ನೂ ಕವಿರಾಜಮಾರ್ಗವನ್ನೂ ಒಂದೇ ಹರಹಿನಲ್ಲಿ ಇಟ್ಟು ನೋಡಿದರು. ಅವರು ಯಾವ ಭಾಷೆಯಲ್ಲಿ ಬರೆದರೆಂದು ಕೇಳುವುದಕ್ಕಿಂತ, ಆ ಪ್ರಬಂಧ ನಮ್ಮ ಓದುಗರ ಕೈಗೆ ಸೇರುತ್ತಿದೆಯೇ ಎಂದು ಕೇಳುವುದು ಮುಖ್ಯ.

ಮಳಖೇಡದ_ಹುಡುಗ
ಈ ಚರ್ಚೆಯಲ್ಲಿ ನನ್ನದೊಂದು ಮಾತು ಹೇಳಲೇಬೇಕು. ನಮ್ಮೂರು ಸೇಡಂ ತಾಲ್ಲೂಕಿನ ಮಳಖೇಡ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ ಅದೇ ಊರು. ಕಾಗಿಣಾ ನದಿಯ ದಂಡೆಯ ಆ ಕೋಟೆಯೊಳಗೆ ನಾವು ಚಿಕ್ಕವರಿದ್ದಾಗ ಆಡುತ್ತಿದ್ದೆವು.

ಪದವಿ ಓದಲು ದಕ್ಷಿಣದ ಊರೊಂದಕ್ಕೆ ಹೋದೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಮೊದಲ ವಾರ ತರಗತಿಯಲ್ಲಿ ಎದ್ದು ಉತ್ತರ ಹೇಳಿದಾಗ ನನ್ನ ಮಾತಿಗೆ ಎಲ್ಲರೂ ನಕ್ಕರು. ಅಧ್ಯಾಪಕರು ನಗಲಿಲ್ಲ, ಆದರೆ ಕವಿರಾಜಮಾರ್ಗದ ಪದ್ಯವೊಂದನ್ನು ಹೇಳಿದರು: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಇವುಗಳ ನಡುವಣ ನಾಡೇ ಕನ್ನಡದ ತಿರುಳು. ಇಂದಿನ ಲೆಕ್ಕದಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. “ನಿಮ್ಮೂರು ಅದರೊಳಗೆ ಬರುವುದಿಲ್ಲ, ಶುದ್ಧವಾದ ಕನ್ನಡ ಕಲಿಯಬೇಕು” ಎಂದರು. ಗ್ರಂಥ ಹುಟ್ಟಿದ್ದು ನಮ್ಮ ರಾಜನ ಆಸ್ಥಾನದಲ್ಲಿ, ಆದರೆ ಅದೇ ಗ್ರಂಥದ ಬಲದಿಂದ ನನ್ನನ್ನು ಕೂರಿಸಿಬಿಟ್ಟರು. ಹೇಳಿದವರ ಊರೂ ಆ ನಾಲ್ಕು ಊರುಗಳ ನಡುವೆ ಇರಲಿಲ್ಲವೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಆ ದಿನದ ನಂತರ ಮೂರು ವರ್ಷ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಬಹಳ ಕಾಲದ ಮೇಲೆ, ಕಲಬುರಗಿಯ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಕವಿರಾಜಮಾರ್ಗದ ಪ್ರತಿ ಸಿಕ್ಕಿತು. ನಿಂತುಕೊಂಡೇ ಆ ಪದ್ಯವನ್ನು ಹುಡುಕಿದೆ. ಪುಟ ತಿರುವುತ್ತಿದ್ದಂತೆ ಸ್ವಲ್ಪವೇ ಮುಂದೆ ಇನ್ನೊಂದು ಸಾಲು ಕಣ್ಣಿಗೆ ಬಿತ್ತು: ‘ದೇಸಿ ಬೇಱೆ ಬೇಱಪ್ಪುದಱಿಂ’. ದೇಸಿ, ಎಂದರೆ ಊರೂರಿನ ಆಡುನುಡಿ, ಬೇರೆ ಬೇರೆಯಾಗಿರುವುದರಿಂದ! ಅಂದು ಆ ಅಧ್ಯಾಪಕರು ಪುಟ ತಿರುವಿ ಇದನ್ನೂ ಓದಿದ್ದರೆ ನನ್ನ ಮೂರು ವರ್ಷ ಬೇರೆಯಾಗಿರುತ್ತಿದ್ದವು. ಪುಸ್ತಕದ ಬಗ್ಗೆ ಬರೆದವರು ತಮಗೆ ಬೇಕಾದ ಪದ್ಯವನ್ನು ಕೊಡುತ್ತಾರೆ, ಪಕ್ಕದ ಪದ್ಯ ಸಿಗುವುದು ಪುಸ್ತಕದಲ್ಲಿ ಮಾತ್ರ. ನಾನು ಮೇಷ್ಟ್ರ ಪಕ್ಷ.

ಹೊಸಪೇಟೆ_ಮೇಷ್ಟ್ರು
ಮಗೂ, ಅಧ್ಯಾಪಕ ವೃತ್ತಿಯವನಾಗಿ ನಿನ್ನ ಮಾತು ಓದಿ ನಾಚಿಕೆಯಾಯಿತು. ನಿನಗೆ ಹೀಗಾಗಬಾರದಿತ್ತು.

ಆದರೂ ನೀನು ಹಿಡಿದ ಪದ್ಯದ ವಿಷಯದಲ್ಲಿ ನಾನು ಒಂದು ಎಚ್ಚರಿಕೆ ಹೇಳದಿದ್ದರೆ ನನ್ನ ಮಾತಿಗೇ ನಾನು ತಪ್ಪಿದಂತಾಗುತ್ತದೆ. ಪೂರ್ತಿ ಪದ್ಯ ಹೀಗಿದೆ.

ದೋಸಮಿನಿತೆಂದು ಬಗೆದು
ದ್ಭಾಸಿಸಿ ತಱಿಸಂದು ಕನ್ನಡಂಗಳೊಳೆಂದುಂ
ವಾಸುಗಿಯುಮಱಿಯಲಾರದೆ
ಬೇಸಱುಗುಂ ದೇಸಿ ಬೇಱೆ ಬೇಱಪ್ಪುದಱಿಂ

ಕನ್ನಡಗಳಲ್ಲಿ ದೋಷಗಳು ಇಷ್ಟೇ ಎಂದು ನಿಶ್ಚಯಿಸಿ ಹೇಳಲು ಹೊರಟರೆ, ದೇಸಿ ಬೇರೆ ಬೇರೆಯಾಗಿರುವುದರಿಂದ, ಸರ್ಪರಾಜನಾದ ವಾಸುಕಿಯೂ ತಿಳಿಯಲಾರದೆ ಬೇಸತ್ತುಹೋಗುತ್ತಾನೆ. ಇಲ್ಲಿನ ಮುಖ್ಯ ಕ್ರಿಯಾಪದ ‘ಬೇಸಱುಗುಂ’. ಕಾವ್ಯದ ನಿಯಮಗಳನ್ನು ಬರೆಯುವ ಲಕ್ಷಣಕಾರನೊಬ್ಬನು ದೋಷಪ್ರಕರಣದ ನಡುವೆ ಕುಳಿತು ಪಡುತ್ತಿರುವ ದಣಿವು ಇದು. ಇದನ್ನು ಕನ್ನಡದ ಬಹುತ್ವದ ಸಂಭ್ರಮವೆಂದು ಓದಿದರೆ, ಕುಱಿತೋದದೆಯುಂ ಎಂಬುದನ್ನು ಘೋಷಣೆ ಮಾಡಿಕೊಂಡವರು ಮಾಡಿದ ತಪ್ಪನ್ನೇ ನಾವೂ ಮಾಡಿದಂತೆ.

ತುಂಗೆಯ_ದಡ
ಮೇಷ್ಟ್ರೇ, ಇಲ್ಲಿ ನಿಮ್ಮೊಡನೆ ಜಗಳವಾಡಲೇಬೇಕು. ದಣಿವೆಂದೇ ಇಟ್ಟುಕೊಳ್ಳೋಣ. ಆದರೆ ದಣಿದವನು ಮುಂದೆ ಏನು ಮಾಡಿದ? ಒಂದು ಕನ್ನಡವನ್ನು ಸರಿ, ಉಳಿದವುಗಳನ್ನು ತಪ್ಪು ಎಂದು ಅಳಿಸಿಹಾಕಿದನೇ? ಇಲ್ಲ. ಎಲ್ಲ ದೋಷಗಳನ್ನೂ ಪಟ್ಟಿ ಮಾಡಲು ಯಾರಿಂದಲೂ ಆಗದು ಎಂದು ಒಪ್ಪಿಕೊಂಡ. ಸಂಸ್ಕೃತದಲ್ಲಿ ಲಕ್ಷಣ ಬರೆದ ದಂಡಿಗೆ ಭಾಷೆ ಊರಿಂದೂರಿಗೆ ಹೀಗೆ ಬದಲಾಗುವ ಚಿಂತೆ ಇರಲಿಲ್ಲ. ಅವನ ಕಾವ್ಯಾದರ್ಶವನ್ನು ಎದುರಿಗಿಟ್ಟುಕೊಂಡು ಕನ್ನಡಕ್ಕೆ ಲಕ್ಷಣ ಬರೆಯಲು ಹೊರಟವನಿಗೆ ಅದು ಎದುರಾಯಿತು, ಅವನು ಅದನ್ನು ಮುಚ್ಚಿಡದೆ ಬರೆದಿಟ್ಟ. ಸುಬ್ಬಣ್ಣನವರು ಕಂಡದ್ದು ಈ ಪ್ರಾಮಾಣಿಕತೆಯನ್ನು ಎಂದು ನಾನು ತಿಳಿದಿದ್ದೇನೆ. ಬರೆದವನ ಮನಸ್ಸಿನಲ್ಲಿದ್ದ ಭಾವ ಒಂದು, ಬರೆದ ಮಾತು ನಮಗೆ ತೋರಿಸಿಕೊಡುವ ಲೋಕ ಇನ್ನೊಂದು. ಎರಡನೆಯದನ್ನು ಓದುವುದೂ ಓದೇ.

ಹೊಸಪೇಟೆ_ಮೇಷ್ಟ್ರು
ಈ ಮಾತನ್ನು ಒಪ್ಪುತ್ತೇನೆ. ಅಳಿಸಿಹಾಕಲಿಲ್ಲ ಎಂಬುದು ನಿಜ. ಆದರೆ ಅವನು ಎಲ್ಲವನ್ನೂ ಸೈರಿಸಿದನೆಂದೂ ಅಲ್ಲ. ಸಂಸ್ಕೃತ ಪದಗಳನ್ನೂ ಕನ್ನಡ ಪದಗಳನ್ನೂ ಹದ ತಪ್ಪಿ ಸಮಾಸ ಮಾಡಿದರೆ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಕೆಡುತ್ತದೆ ಎನ್ನುತ್ತಾನೆ. ಹಾಲು ಒಡೆಯುವುದನ್ನು ಒಲೆಯ ಮುಂದೆ ನಿಂತು ನೋಡಿದವನ ಮಾತು ಇದು. ಸುಮಾರು ಇನ್ನೂರೈವತ್ತು ವರ್ಷಗಳ ಮೇಲೆ ನಯಸೇನನೆಂಬ ಕವಿ ಇದೇ ಬೆರಕೆಗೆ ತುಪ್ಪ ಮತ್ತು ಎಣ್ಣೆಯ ಹೋಲಿಕೆ ಕೊಟ್ಟ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ನಯಸೇನನಿಗೆ ಎರಡೂ ಒಂದಕ್ಕೊಂದು ಸೇರಬಾರದ ವಸ್ತುಗಳು. ಕವಿರಾಜಮಾರ್ಗದ ಹೋಲಿಕೆಯಲ್ಲಿ ಹಾಲು ಮತ್ತು ಮಜ್ಜಿಗೆ ಒಂದೇ ಕೊಟ್ಟಿಗೆಯಿಂದ ಬಂದವು, ಕೆಡಿಸಿದ್ದು ಬೆರೆಸಿದ ಹೊತ್ತು ಮತ್ತು ರೀತಿ. ತಣ್ಣಗಾದ ಹಾಲಿಗೆ ಅದೇ ಹನಿಯನ್ನು ಹಾಕಿದರೆ ಮೊಸರಾಗುತ್ತದೆ. ಇದು ನನ್ನ ಓದು, ಪದ್ಯದಲ್ಲಿ ಇಷ್ಟು ಹೇಳಿಲ್ಲ.

ದೂರದೂರಿನವಳು
ಮೇಷ್ಟ್ರೇ, ಈ ಕೊನೆಯ ಮಾತಿಗಾಗಿ ನಿಮಗೆ ವಂದನೆ. ನನ್ನ ಮಗಳಿಗೆ ಇದನ್ನು ಇವತ್ತೇ ಹೇಳುತ್ತೇನೆ.

ಸೊಲ್ಲಾಪುರದ_ಕನ್ನಡಿಗ
ಎಲ್ಲರೂ ತಿರುಳಿನ ಪದ್ಯವನ್ನೇ ಹಿಡಿದಿದ್ದೀರಿ. ಅದರ ಹಿಂದಿನ ಪದ್ಯ ‘ಕಾವೇರಿಯಿಂದಮಾ ಗೋದಾವರಿವರಮಿರ್ದ’ ನಾಡಿನದು. ಗೋದಾವರಿ ಎಂಬ ಹೆಸರು ಬಂದಾಗಲೆಲ್ಲ ಅದನ್ನು ಹೆಮ್ಮೆಯ ಮಾತಾಗಿ ಹಾಡಿ ಮುಗಿಸುತ್ತಾರೆ. ಆ ಸಾಲನ್ನು ಕೆಲಸವಾಗಿ ತೆಗೆದುಕೊಂಡವರು ಶಂ.ಬಾ. ಜೋಶಿ. ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದ ಆ ಮನುಷ್ಯ ಮಹಾರಾಷ್ಟ್ರದ ಊರ ಹೆಸರುಗಳನ್ನು ಒಂದೊಂದಾಗಿ ಹಿಡಿದು, ಅವುಗಳೊಳಗಿನ ಹಟ್ಟಿ, ಪಾಡಿಗಳನ್ನು ಬಿಡಿಸಿ, ಕುರುಬರ ದೈವಗಳನ್ನೂ ಹಬ್ಬಗಳನ್ನೂ ಸೇರಿಸಿಕೊಂಡು ಒಂದು ನಾಡಿನ ಮರೆತ ಚರಿತ್ರೆಯನ್ನು ಕಟ್ಟಲು ಹೊರಟರು. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 1981ರ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಅವರಿಗೆ ಎಂಬತ್ತೈದು ವರ್ಷ. ಅವರ ನಿರುಕ್ತಗಳಲ್ಲಿ, ಎಂದರೆ ಪದಮೂಲದ ವಿವರಣೆಗಳಲ್ಲಿ, ಹಲವನ್ನು ಇಂದಿನ ಭಾಷಾವಿಜ್ಞಾನ ಒಪ್ಪುವುದಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳುವ ಅವರ ಧೈರ್ಯ ಬೇರೆ ಯಾರಲ್ಲಿತ್ತು? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡಿ ಬೆಳೆದ ನನ್ನಂಥವನಿಗೆ, ಗೋದಾವರಿಯ ಪದ್ಯ ಗಡಿಯ ಜಗಳಕ್ಕೆ ಒದಗುವ ದಾಖಲೆಯಾಗಿ ಬೇಡ. ಎರಡು ಭಾಷೆಗಳು ಒಂದೇ ನೆಲದಲ್ಲಿ ಬಾಳಿದ್ದರ ನೆನಪಾಗಿ ಬೇಕು.

ಹಳೆಪುಸ್ತಕ
ನನ್ನದು ಕೆಲಸಕ್ಕೆ ಸಂಬಂಧಿಸಿದ ಮಾತು. ಮೂಲ ಓದಲು ಹೊರಟವರು ಎಂ.ವಿ. ಸೀತಾರಾಮಯ್ಯನವರು ಸಂಪಾದಿಸಿದ ಆವೃತ್ತಿಯನ್ನು ಹುಡುಕಿ, ಗದ್ಯಾನುವಾದ ಜೊತೆಗಿರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಪಾಠ ಎಲ್ಲಿ ಏಕೆ ಹಾಗಿದೆಯೆಂದು ತಿಳಿಯಬೇಕಾದವರಿಗೆ ಮುಳಿಯ ತಿಮ್ಮಪ್ಪಯ್ಯನವರ ‘ಕವಿರಾಜಮಾರ್ಗ ವಿವೇಕ’ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕೈಗೆಟಕುವಂತಿರಲಿ.

ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದ ಬಗ್ಗೆಯೂ ಒಂದು ಸಂಕಟ ಹೇಳಬೇಕು. 1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪ್ರಕಟಿಸಿದ ಪುಸ್ತಕ, 450ರಿಂದ 1150ರವರೆಗಿನ ಶಾಸನಗಳ ಮೇಲೆ ನಿಂತದ್ದು. ನಾನು ಅದನ್ನು ಮೊದಲು ನೋಡಿದ್ದು ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ. ವೀರಗಲ್ಲುಗಳ ಭಾಗವನ್ನು ತೆರೆದರೆ, ಯಾರೋ ಪುಟಗಳನ್ನು ಬ್ಲೇಡಿನಿಂದ ಹೊಲಿಗೆಯ ಬುಡದವರೆಗೆ ಕೊಯ್ದುಕೊಂಡು ಹೋಗಿದ್ದರು. ಬೆರಳಿಟ್ಟರೆ ಕತ್ತರಿಸಿದ ಅಂಚುಗಳು ಗರಗಸದಂತೆ ತಾಕುತ್ತಿದ್ದವು. ಬೇರೆ ಪ್ರತಿ ತರಿಸಿಕೊಡಿ ಎಂದು ಎರಡು ವರ್ಷ ಕೇಳಿದೆ, ಬರಲಿಲ್ಲ. ಕೊನೆಗೆ ಗೆಳೆಯರೊಬ್ಬರ ಪ್ರತಿಯಿಂದ ಆ ಪುಟಗಳನ್ನು ಕೈಯಲ್ಲಿ ನಕಲು ಮಾಡಿಕೊಂಡೆ. ನಲವತ್ತು ಪುಟಗಳ ನೋಟ್‌ಬುಕ್ ತುಂಬಿತು. ಯಾವ ಪುಸ್ತಕವನ್ನು ಮೊದಲು ಓದಬೇಕೆಂದು ಚರ್ಚಿಸುವ ನಾವು, ಅವು ಓದಲು ಸಿಗುತ್ತಿವೆಯೇ ಎಂಬುದನ್ನೂ ಕೇಳಬೇಕು.

ಬಾದಾಮಿ_ಬಂಡೆ
ಹಳೆಪುಸ್ತಕದವರ ಮಾತು ನೂರಕ್ಕೆ ನೂರು ಸತ್ಯ. ಜೊತೆಗೆ ಪದಸೂಚಿಯ ಕೊರತೆಯನ್ನೂ ಸೇರಿಸಿ. ನನ್ನ ಬಳಿ ಇರುವ ವಿಮರ್ಶೆಯ ಪುಸ್ತಕಗಳಲ್ಲಿ ಹೆಚ್ಚಿನವುಗಳ ಕೊನೆಗೆ ಅಕಾರಾದಿ ಇಲ್ಲ. ಮುನ್ನೂರು ಪುಟದ ಪುಸ್ತಕದಲ್ಲಿ ‘ದೇಸಿ’ ಎಂಬ ಮಾತು ಎಲ್ಲೆಲ್ಲಿ ಬಂದಿದೆಯೆಂದು ತಿಳಿಯಲು ಮುನ್ನೂರು ಪುಟವನ್ನೂ ಮತ್ತೆ ತಿರುವಬೇಕು. ಹತ್ತು ಪುಟದ ಸೂಚಿ ಇದ್ದಿದ್ದರೆ ಒಬ್ಬ ವಿಮರ್ಶಕರು ಇನ್ನೊಬ್ಬರಿಗೆ ಕೊಟ್ಟ ಉತ್ತರವನ್ನು ಹುಡುಕುವುದು ಎಷ್ಟು ಸುಲಭವಾಗುತ್ತಿತ್ತು!

ಅವಸರದ_ಓದುಗ
ನನ್ನ ಮೊದಲ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಮೇಷ್ಟ್ರು ಬಿಡಿಸಿ ಹೇಳಿದಂತೆ ಹೇಳುವವರು ಒಬ್ಬರಿದ್ದರೆ ಮೂಲವನ್ನು ಓದಬಹುದು. ಇಲ್ಲದಿದ್ದರೆ ಕಷ್ಟವೇ. ದೂರದೂರಿನವರಿಗೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಕ್ಷಮಿಸಿ.

ರಾತ್ರಿ_ಪಾಳಿ
ಆ ಸಭೆಯಲ್ಲಿ ಪ್ರಶ್ನೆ ಕೇಳಿದವಳು ನಾನೇ. ಓದಿನ ಜಗಲಿಯವರು ಹೇಳಿದ ಮೇಲೆ ಇಲ್ಲಿ ಬಂದು ಎಲ್ಲವನ್ನೂ ಓದಿದೆ.

ನಾನು ಕೇಳಿದ್ದು ಯಾರನ್ನೂ ಸೋಲಿಸಲು ಅಲ್ಲ. ನಮ್ಮ ವಾರ್ಡಿಗೆ ಬರುವ ಹಳ್ಳಿಯ ಹೆಂಗಸರಲ್ಲಿ ಹಲವರಿಗೆ ಸಹಿ ಮಾಡಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾರೆ. ಅವರೇ ರಾತ್ರಿ ಪಕ್ಕದ ಹಾಸಿಗೆಯ ಮಗುವಿಗೆ ನಿದ್ದೆ ಬರಲೆಂದು ಒಂದರ ಹಿಂದೆ ಒಂದು ತ್ರಿಪದಿ ಹಾಡುವುದನ್ನು ಕೇಳಿದ್ದೇನೆ. ಹೋದ ತಿಂಗಳು ಸವದತ್ತಿ ಕಡೆಯ ಒಬ್ಬ ಅಜ್ಜಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದವರು, ನನ್ನ ಹೆಸರನ್ನು ಸೇರಿಸಿ ಅಲ್ಲೇ ಒಂದು ಪದ ಕಟ್ಟಿ ಹಾಡಿದರು. ಪ್ರಾಸ ಒಂದೂ ತಪ್ಪಿರಲಿಲ್ಲ. ಆದ್ದರಿಂದ ಅಕ್ಷರ ಬಾರದವರು ಕಾವ್ಯ ಕಟ್ಟುತ್ತಾರೆಂಬುದರಲ್ಲಿ ನನಗೆ ಸಂಶಯವೇ ಇಲ್ಲ. ನನ್ನ ಸಂಶಯ ಇದ್ದದ್ದು, ಸಾವಿರ ವರ್ಷದ ಹಿಂದೆ ಅರಮನೆಯಲ್ಲಿ ಕುಳಿತು ಬರೆದವನು ಇವರನ್ನು ನೋಡಿ ಬರೆದನೇ ಎಂಬುದು.

ಮೇಷ್ಟ್ರು ಕೊಟ್ಟ ಎರಡನೆಯ ಪದ್ಯ ನನಗೆ ಹೊಸದು. ಕುಱಿತವರಷ್ಟೇ ಅಲ್ಲದೆ ಉಳಿದವರೂ ತಂತಮ್ಮ ನುಡಿಯಲ್ಲಿ ಜಾಣರು, ಚಿಕ್ಕ ಮಕ್ಕಳೂ ಮೂಗರೂ ವಿವೇಕವನ್ನು ತಿಳಿಸಬಲ್ಲರು ಎಂದಲ್ಲವೇ ಅದರ ಅರ್ಥ? ಹಾಗಾದರೆ ಎಲ್ಲರೂ ಎತ್ತಿ ಹೇಳುವ ಸಾಲಿಗಿಂತ ಇದು ಇನ್ನೂ ದೊಡ್ಡ ಮಾತು. ಮಾತು ಬಾರದವರನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ. ಇದನ್ನು ಏಕೆ ಯಾರೂ ಗೋಡೆಯ ಮೇಲೆ ಬರೆಸಲಿಲ್ಲ?

ಹೊಸಪೇಟೆ_ಮೇಷ್ಟ್ರು
ತಾಯಿ, ಸಾವಿರಾರು ಮಕ್ಕಳಿಗೆ ಆ ಪದ್ಯದಲ್ಲಿ ಪ್ರಾಸವನ್ನು ತೋರಿಸಿದೆ, ‘ಮೂಗರುಂ’ ಎಂಬಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ನೀವು ನಿಲ್ಲಿಸಿದಿರಿ. ‘ಅಱಿಪಲ್ಕಱಿವರ್’ ಎಂದರೆ ಅರುಹಲು ಅರಿವರು, ತಿಳಿಸಬಲ್ಲರು. ನಿಮ್ಮ ಅರ್ಥ ಸರಿಯಾಗಿದೆ. ಇದು ಹೊಗಳಿಕೆಯ ಉತ್ಪ್ರೇಕ್ಷೆ ಎಂದು ಹೇಳುವವರು ಇದ್ದಾರೆ, ಇರಲಿ. ಹೊಗಳುವಾಗ ಯಾರನ್ನು ನೆನೆದ ಎಂಬುದೂ ವಿಚಾರಕ್ಕೆ ತಕ್ಕದ್ದೇ.

ತುಂಗೆಯ_ದಡ
ರಾತ್ರಿ ಪಾಳಿಯವರೇ, ನಾನು ಪ್ರಶ್ನೆ ಹುಟ್ಟಿಸುವುದು ವಿಮರ್ಶೆ ಎಂದು ಬರೆದಿದ್ದೆ. ವಾರ್ಡಿನಲ್ಲಿ ಹುಟ್ಟಿದ ನಿಮ್ಮ ಪ್ರಶ್ನೆಗೆ ಯಾವ ವಿಮರ್ಶೆಯ ಪುಸ್ತಕವೂ ಬೇಕಾಗಲಿಲ್ಲ. ಸುಬ್ಬಣ್ಣನವರನ್ನು ಬಿಡಿ ಎಂದು ನಾನು ಈಗಲೂ ಹೇಳುವುದಿಲ್ಲ, ಆದರೆ ‘ಮೊದಲು’ ಎಂಬ ನನ್ನ ಹಟವನ್ನು ಬಿಡುತ್ತೇನೆ.

ಓದಿನ_ಜಗಲಿ
ಇಷ್ಟು ಮಂದಿ ಇಷ್ಟು ಮನಸ್ಸಿಟ್ಟು ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ. ನಿನ್ನೆ ಸಂಜೆ ನಾವು ಐದು ಜನ ಕುಳಿತು ಹೀಗೆ ನಿಶ್ಚಯಿಸಿದೆವು. ಮುಂದಿನ ಭಾನುವಾರ ನಾಲ್ಕೇ ಪದ್ಯಗಳು: ಕಾವೇರಿಯಿಂದ, ಅದಱೊಳಗಂ (ತಿರುಳಿನ ಪದ್ಯ), ಪದನಱಿದು, ಕುಱಿತವರಲ್ಲದೆ. ಒಬ್ಬೊಬ್ಬರು ಒಂದನ್ನು ಬಿಡಿಸಿಕೊಂಡು ಬರಬೇಕು. ನಾಲ್ಕನ್ನೂ ಓದಿ ಮುಗಿಸಿದ ಮೇಲೆ, ಅದೇ ಸಭೆಯಲ್ಲಿ ಸುಬ್ಬಣ್ಣನವರು ಅವುಗಳ ಬಗ್ಗೆ ಬರೆದ ಪುಟಗಳನ್ನು ಗಟ್ಟಿಯಾಗಿ ಓದುತ್ತೇವೆ. ಅದರ ಮುಂದಿನ ತಿಂಗಳು ‘ದೋಸಮಿನಿತೆಂದು’ ಪದ್ಯ, ಜೊತೆಗೆ ಡಿ.ಆರ್. ಪ್ರಬಂಧದ ಸಾರಾಂಶ. ಸಾರಾಂಶವನ್ನು ಕನ್ನಡದಲ್ಲಿ ಬರೆದುಕೊಡಲು ದೂರದೂರಿನವರು ಒಪ್ಪಿದ್ದಾರೆ. ಮೇಷ್ಟ್ರು ದೂರವಾಣಿಯಲ್ಲಿ ಸಿಗುವುದಾಗಿ ಹೇಳಿದ್ದಾರೆ. ಮಳಖೇಡದವರು ಬಂದರೆ ಬಸ್ ನಿಲ್ದಾಣದಿಂದ ಕರೆದುಕೊಂಡು ಬರುವ ಹೊಣೆ ನನ್ನದು.

ಮಳಖೇಡದ_ಹುಡುಗ
ಬರುತ್ತೇನೆ ಅಣ್ಣಾ. ತಿರುಳಿನ ಪದ್ಯವನ್ನು ಬಿಡಿಸುವ ಕೆಲಸ ನನಗೇ ಕೊಡಿ. ನಮ್ಮ ಕಡೆಯ ಮಾತಿನಲ್ಲೇ ಬಿಡಿಸುತ್ತೇನೆ.

ಒಕ್ಕುಂದದವ
ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಮ್ಮೂರು ಬೈಲಹೊಂಗಲ ತಾಲ್ಲೂಕಿನ ಒಕ್ಕುಂದ, ಮಲಪ್ರಭೆಯ ದಂಡೆಯ ಮೇಲಿದೆ. ಪದ್ಯದಲ್ಲಿರುವ ನಾಲ್ಕು ಊರುಗಳಲ್ಲಿ ಪಟ್ಟದಕಲ್ಲಿಗೂ ಕೊಪ್ಪಳಕ್ಕೂ ಲಕ್ಷ್ಮೇಶ್ವರಕ್ಕೂ ಜನ ಹೋಗುತ್ತಾರೆ, ನಮ್ಮೂರನ್ನು ಹುಡುಕಿಕೊಂಡು ಬರುವವರು ಕಡಿಮೆ. ಹಳೆಯ ಗುಡಿಗಳಿವೆ, ಹೊಳೆ ಇದೆ. ಪದ್ಯದಲ್ಲಿ ನಮ್ಮೂರಿಗೆ ‘ಸದಭಿಸ್ತುತಮಪ್ಪ’ ಎಂಬ ವಿಶೇಷಣವಿದೆಯೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಸಜ್ಜನರು ಹೊಗಳಿದ ಊರು ಎಂದು. ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟರೆ ಬೈಲಹೊಂಗಲದ ಮೇಲೆ ಮಧ್ಯಾಹ್ನದೊಳಗೆ ಬಂದು ಸೇರಬಹುದು. ಒಂದು ಭಾನುವಾರದ ಸಭೆಯನ್ನು ಇಲ್ಲಿ ಇಟ್ಟುಕೊಳ್ಳಿ. ಹನ್ನೆರಡು ಜನರಿಗೆ ರೊಟ್ಟಿ, ಎಣಗಾಯಿ ಪಲ್ಯ ನಮ್ಮ ಮನೆಯಲ್ಲಿ. ಎಷ್ಟು ಜನ ಬರುತ್ತೀರೆಂದು ಎರಡು ದಿನ ಮೊದಲು ತಿಳಿಸಿದರೆ ಸಾಕು.